ಗಂಟಲೊಳಗೆ ಬಿದ್ದ ಬಿಸಿಲು

ಇಪ್ಪತ್ತೆರಡು ವರ್ಷಗಳ ಮೇಲೆ ಮತ್ತೆ ಶ್ರುತಿಪೆಟ್ಟಿಗೆಯ ಮುಂದೆ ಕೂತಾಗ ನಾನು ಮಾಡಿದ ತಪ್ಪು ಒಂದೇ. ಬಿಟ್ಟ ಜಾಗದಿಂದಲೇ ಹಾಡಲು ಹೊರಟೆ. ಅದೇ ಹಳೆಯ ಐದೂವರೆ ಮನೆ ಶ್ರುತಿ, ಅದೇ ಮೋಹನದ ವರ್ಣ. ತಾರಷಡ್ಜ ಹತ್ತಿರವಾಗುತ್ತಿದ್ದಂತೆ ಗದ್ದ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ದನಿ ದಾರದಷ್ಟು ತೆಳ್ಳಗಾಗುತ್ತಿತ್ತು. "ಗಂಟ್ಲು ಹಿಚುಕ್ಬೇಡಮ್ಮ" ಎಂದು ಮೇಷ್ಟ್ರು ಎಷ್ಟು ಸಲ ಹೇಳಿದರೋ. ಹಿಚುಕುತ್ತಿರುವುದು ಎಲ್ಲಿ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ. ಎರಡು ತಿಂಗಳಿಗೆ ಗಂಟಲು ಕಟ್ಟಿತು.

ಇಎನ್‌ಟಿ ಡಾಕ್ಟರು ವಯಸ್ಸಾದವರು. ಉದ್ದ ಹಿಡಿಯ ತುದಿಗೆ ಓರೆಯಾಗಿ ಕೂರಿಸಿದ ಪುಟ್ಟ ದುಂಡು ಕನ್ನಡಿಯನ್ನು ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಿ, ಕೈಗೆ ತಾಗಿಸಿ ಬಿಸಿ ನೋಡಿ, ನನ್ನ ಕಿರುನಾಲಿಗೆಯ ಹತ್ತಿರ ಹಿಡಿದರು. "ಈ ಕನ್ನಡಿಯಲ್ಲಿ ಮೊದಲು ಗಂಟಲು ನೋಡಿದೋರು ಡಾಕ್ಟರಲ್ಲಮ್ಮ, ಒಬ್ಬ ಹಾಡಿನ ಮೇಷ್ಟ್ರು" ಎಂದರು. ಮೂರು ವಾರ ಮೌನ ಬರೆದುಕೊಟ್ಟರು. ಆ ಮೂರು ವಾರವನ್ನು ನಾನು ಆ ಮೇಷ್ಟರ ಬಗ್ಗೆ ಓದುತ್ತ ಕಳೆದೆ.

ಅವರ ಹೆಸರು ಮಾನ್ವೆಲ್ ಗಾರ್ಸಿಯಾ. ಹುಟ್ಟಿದ್ದು 1805ರಲ್ಲಿ. ತಂದೆ ಸ್ಪೇನ್ ಮೂಲದ ದೊಡ್ಡ ಆಪೆರಾ ಗಾಯಕ. ರೊಸ್ಸೀನಿ 'ದಿ ಬಾರ್ಬರ್ ಆಫ್ ಸೆವಿಲ್' ರಚಿಸಿದಾಗ ನಾಯಕನ ಪಾತ್ರವನ್ನು ಮೊದಲು ಹಾಡಿದವರು ಅವರೇ. 1825ರಲ್ಲಿ ಇಡೀ ಸಂಸಾರ ಹಡಗು ಹತ್ತಿ ನ್ಯೂಯಾರ್ಕಿಗೆ ಹೋಗಿ ಅದೇ ಆಪೆರಾ ಆಡಿತು. ತಂದೆ ನಾಯಕ, ತಂಗಿ ಮರಿಯಾ ನಾಯಕಿ, ಇಪ್ಪತ್ತು ವರ್ಷದ ಮಗ ಕ್ಷೌರಿಕ ಫಿಗರೋ. ಎಳೆಯ ಶಾರೀರವನ್ನು ಮಿತಿಮೀರಿ ದುಡಿಸಿದ್ದಕ್ಕೆ ಮಗ ಬೆಲೆ ತೆತ್ತ. ಮರಿಯಾ ಮಾಲಿಬ್ರಾನ್ ಎಂಬ ಹೆಸರಿನಿಂದ ತಂಗಿ ಯುರೋಪನ್ನೇ ಗೆದ್ದಳು, ಅಣ್ಣ ರಂಗ ಬಿಟ್ಟು ಪಾಠ ಹೇಳಲು ಕೂತ.

ಕೆಟ್ಟ ಗಂಟಲಿನವನಿಗೆ ಗಂಟಲಿನದೇ ಚಿಂತೆ. 1830ರ ಆಸುಪಾಸಿನಲ್ಲಿ ಗಾರ್ಸಿಯಾ ಸೇನಾ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಧ್ವನಿಪೆಟ್ಟಿಗೆಯ ರಚನೆ ಕಲಿತರು. ಕೋಳಿ, ಕುರಿ, ದನಗಳ ಗಂಟಲುಗಳನ್ನು ಮನೆಗೆ ತಂದು ತಿದಿಯಿಂದ ಗಾಳಿ ಊದಿ ದನಿ ಹೊರಡಿಸುತ್ತಿದ್ದರಂತೆ. ಆದರೆ ಸತ್ತ ಗಂಟಲು ಎಷ್ಟು ಊದಿದರೂ ಹಾಡಲಾರದು. ಹಾಡುವ ಗಂಟಲಿನ ಒಳಗು ಕಣ್ಣಿಗೆ ಬೀಳದು. ಬದುಕಿರುವವರ ಗಂಟಲಲ್ಲಿ, ಅದೂ ಹಾಡುತ್ತಿರುವಾಗಲೇ ನೋಡಬೇಕು ಎಂಬ ಆಸೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರಲ್ಲಿ ಉಳಿಯಿತು.

ನನ್ನನ್ನು ಹಿಡಿದು ನಿಲ್ಲಿಸಿದ ಘಟನೆ ನಡೆದದ್ದು ಕನ್ನಡಿಗಿಂತ ಮೊದಲು, 1841ರಲ್ಲಿ. ಸ್ಟಾಕ್‌ಹೋಮಿನ ರಂಗದಲ್ಲಿ ಆಗಲೇ ಹೆಸರಾಗಿದ್ದ, ಇನ್ನೂ ಇಪ್ಪತ್ತೇ ತುಂಬಿದ್ದ ಜೆನ್ನಿ ಲಿಂಡ್ ಪ್ಯಾರಿಸ್ಸಿಗೆ ಗಾರ್ಸಿಯಾ ಅವರನ್ನು ಹುಡುಕಿಕೊಂಡು ಬಂದಳು. ವರ್ಷಗಟ್ಟಲೆ ಬಿಡುವಿಲ್ಲದೆ ಹಾಡಿ ದನಿ ಬಿರಿದಿತ್ತು. ಗಾರ್ಸಿಯಾ ಕೇಳಿದರು, ಈ ಶಾರೀರ ಹಾಳಾಗಿದೆ ಎಂದು ಮುಖಕ್ಕೇ ಹೇಳಿದರು. ಹುಡುಗಿ ಅತ್ತಳು. ಅವರು ಕೊಟ್ಟ ಮೊದಲ ಪಾಠ ಆರು ವಾರದ ಮೌನ. ಹಾಡಲೇ ಕೂಡದು, ಮಾತೂ ಆದಷ್ಟು ಕಡಿಮೆ. ಆಮೇಲೆ ಪಾಠ ಶುರುವಾದಾಗ ಜೆನ್ನಿ ಊರಿಗೆ ಕಾಗದ ಬರೆದಳು. ಮೊದಲಿನಿಂದ ಆರಂಭಿಸಬೇಕಾಗಿದೆ, ಸ್ವರಗಳನ್ನು ನಿಧಾನವಾಗಿ ಹತ್ತುತ್ತ ಇಳಿಯುತ್ತ ಹಾಡಬೇಕು, ಕಂಪಿತವನ್ನೂ ತೀರಾ ನಿಧಾನಕ್ಕೆ ಸಾಧಿಸಬೇಕು ಎಂಬುದು ಅದರ ಸಾರ. ಇದನ್ನು ಓದಿದಾಗ ನನಗೆ ಎದೆ ತುಂಬಿಬಂತು. ರಂಗದ ರಾಣಿಯಾಗಿದ್ದವಳು ಸರಳೆ ವರಸೆಗೆ ಬಂದು ಕೂತಿದ್ದಳು! 1842ರ ಶರತ್ಕಾಲದಲ್ಲಿ ಅವಳು ಸ್ಟಾಕ್‌ಹೋಮಿಗೆ ಮರಳಿ 'ನೋರ್ಮಾ' ಆಪೆರಾ ಹಾಡಿದಳು. ಮುಂದಿನದು ಜಗತ್ತಿಗೇ ಗೊತ್ತು.

ಜೆನ್ನಿಯ ಗಂಟಲಿನೊಳಗೆ ಏನಾಗಿದೆ ಎಂದು ಗಾರ್ಸಿಯಾ ಕಣ್ಣಾರೆ ಕಂಡಿರಲಿಲ್ಲ. ಕಿವಿಯಿಂದಲೇ ತಿಳಿದಿದ್ದರು.

1854ರ ಸೆಪ್ಟೆಂಬರ್. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಪಾಠ ಹೇಳುತ್ತಿದ್ದ ಗಾರ್ಸಿಯಾ ರಜೆಗೆ ಪ್ಯಾರಿಸ್ಸಿಗೆ ಬಂದಿದ್ದರು. ಪಲೇ ರಾಯಲ್ ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ ಕಿಟಕಿಯ ಗಾಜಿಗೆ ಬಿಸಿಲು ಬಡಿದು ಫಳಕ್ಕೆಂದಿತು. ಆ ಕ್ಷಣಕ್ಕೆ ಅವರಿಗೆ ಎರಡು ಕನ್ನಡಿಗಳು ಕಂಡವಂತೆ. ಒಂದು ಕೈಯಲ್ಲಿ, ಇನ್ನೊಂದು ಗಂಟಲಲ್ಲಿ. ನೇರವಾಗಿ ಶಾರಿಯೇರ್ ಎಂಬ ವೈದ್ಯಕೀಯ ಸಲಕರಣೆಯ ಅಂಗಡಿಗೆ ನಡೆದು, ಉದ್ದ ಹಿಡಿಯ ಸಣ್ಣ ಕನ್ನಡಿ ಇದೆಯೇ ಎಂದು ಕೇಳಿದರು. ದಂತವೈದ್ಯರಿಗೆಂದು ಮಾಡಿದ್ದು, 1851ರ ಲಂಡನ್ ಪ್ರದರ್ಶನಕ್ಕೆ ಕಳಿಸಿದರೂ ಯಾರಿಗೂ ಬೇಡವಾಗಿದ್ದು, ಆರು ಫ್ರಾಂಕಿಗೆ ಸಿಕ್ಕಿತು. ಮನೆಗೆ ಓಡಿದರು. ಉಸಿರಿಗೆ ಮಂಜು ಕಟ್ಟದಿರಲೆಂದು ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಕಿರುನಾಲಿಗೆಗೆ ಆನಿಸಿದರು. ಕೈಗನ್ನಡಿಯಿಂದ ಅದರ ಮೇಲೆ ಬಿಸಿಲು ಹಾಯಿಸಿದರು. ತಮ್ಮದೇ ಗಂಟಲು ಅಗಲವಾಗಿ ತೆರೆದು ಕಣ್ಣೆದುರಿಗಿತ್ತು. ಶ್ವಾಸನಾಳದ ಒಂದಿಷ್ಟು ಭಾಗವೂ ಕಾಣುತ್ತಿತ್ತು.

1829ರಲ್ಲೇ ಲಂಡನ್ನಿನ ಬ್ಯಾಬಿಂಗ್ಟನ್ ಎಂಬ ವೈದ್ಯ ಇಂಥದ್ದೇ ಸಲಕರಣೆ ಮಾಡಿದ್ದ. ಆದರೆ ಆ ದಾರಿ ಬೆಳೆದಿರಲಿಲ್ಲ. ಗಾರ್ಸಿಯಾ ಕಂಡದ್ದು 1855ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂತು. ಎರಡು ಮೂರು ವರ್ಷದಲ್ಲಿ ವಿಯೆನ್ನಾದ ಟ್ಯುರ್ಕ್, ಪೆಸ್ಟ್ ನಗರದ ಚೆರ್ಮಾಕ್ ಕನ್ನಡಿಯನ್ನು ಕೈಗೆತ್ತಿಕೊಂಡರು. ಚೆರ್ಮಾಕ್ ಬಿಸಿಲಿನ ಬದಲು ದೀಪ ಬಳಸಿದ. ಮೊದಲಿಗ ಯಾರೆಂದು ಇಬ್ಬರೂ ಜಗಳಾಡಿದ್ದು ಬೇರೆ ಕತೆ.

ಇಷ್ಟಕ್ಕೂ ಕನ್ನಡಿ ತೋರಿಸುವುದು ಏನನ್ನು? ಹೆಂಗಸರಲ್ಲಿ ಧ್ವನಿತಂತುಗಳ ಉದ್ದ ಒಂದರಿಂದ ಒಂದೂವರೆ ಸೆಂಟಿಮೀಟರ್. ಐದೂವರೆ ಮನೆಯ ತಾರಷಡ್ಜಕ್ಕೆ ಅವು ಸೆಕೆಂಡಿಗೆ ಸುಮಾರು 415 ಸಲ ಬಡಿದುಕೊಳ್ಳಬೇಕು. ಅವನ್ನು ಎಳೆದು ತೆಳ್ಳಗೆ ಮಾಡುವುದು ಧ್ವನಿಪೆಟ್ಟಿಗೆಯ ಸಣ್ಣ ಸ್ನಾಯುಗಳು. ವರ್ಷಗಟ್ಟಲೆ ಅಭ್ಯಾಸ ತಪ್ಪಿದಾಗ ಅವು ಸೋಲುತ್ತವೆ. ಆಗ ದವಡೆ, ನಾಲಿಗೆಯ ಬೇರು, ಕತ್ತಿನ ಹೊರಸ್ನಾಯು ನೆರವಿಗೆ ಬರುತ್ತವೆ. ಆ ಹೊರಗಿನವು ಬಲ್ಲ ಕೆಲಸ ಬೇರೆ. ತುತ್ತು ಶ್ವಾಸನಾಳಕ್ಕೆ ಇಳಿಯದಂತೆ ಧ್ವನಿಪೆಟ್ಟಿಗೆಯನ್ನು ಮೇಲೆತ್ತಿ ದಾರಿ ಮುಚ್ಚುವುದು ಅವುಗಳ ಕಸುಬು. ನಾನು ಬಾಯಿ ತೆರೆದು ಹಾಡುತ್ತಿದ್ದೆ, ನನ್ನ ಗಂಟಲು ಅರ್ಧ ನುಂಗುತ್ತಿತ್ತು. ಮೇಷ್ಟ್ರು "ಹಿಚುಕ್ಬೇಡ" ಎಂದದ್ದು ಇದನ್ನೇ.

ಕಂಡ ಮೇಲೂ ಗಾರ್ಸಿಯಾ ಶಿಷ್ಯರ ಬಾಯಿಗೆ ಕನ್ನಡಿ ಹಿಡಿದು ಪಾಠ ಹೇಳಲಿಲ್ಲ. ಸ್ವರವನ್ನು ಸ್ವಚ್ಛವಾಗಿ ಹೇಗೆ ಆರಂಭಿಸಬೇಕು ಎಂದು ಅವರು ಕಲಿಸಿದ ಕ್ರಮವನ್ನು ಎಷ್ಟೋ ಮಂದಿ ಗಂಟಲಿಗೆ ಗುದ್ದುವುದೆಂದು ತಪ್ಪು ತಿಳಿದರು. ಕೆಮ್ಮಿದಂತೆ ಆಗಕೂಡದು ಎಂದು ಅವರೇ ಎಚ್ಚರಿಸಿದ್ದರೂ ಆ ಅಪಾರ್ಥ ಅವರ ಬೆನ್ನು ಬಿಡಲಿಲ್ಲ. ನನಗೆ ಇದು ಅನ್ಯಾಯವಾಗಿ ಕಾಣುತ್ತದೆ. ರಾಯಲ್ ಅಕಾಡೆಮಿಯಲ್ಲಿ ಅವರು 1895ರವರೆಗೂ ಪಾಠ ಹೇಳಿದರು. 1905ರಲ್ಲಿ ಅವರಿಗೆ ನೂರು ತುಂಬಿದಾಗ ಲಂಡನ್ನಿನಲ್ಲಿ ವೈದ್ಯರೂ ಗಾಯಕರೂ ಒಟ್ಟುಗೂಡಿ ಗೌರವಿಸಿದರು. ಮರುವರ್ಷ ತೀರಿಕೊಂಡರು.

ಮೂರು ವಾರ ಕಳೆದು ನಾನು ಪಾಠಕ್ಕೆ ಹೋದಾಗ ಮೇಷ್ಟ್ರು ಶ್ರುತಿಯನ್ನು ನಾಲ್ಕೂವರೆ ಮನೆಗೆ ಇಳಿಸಿದ್ದರು. ವರ್ಣ ಇಲ್ಲ. ಮಾಯಾಮಾಳವಗೌಳ, ಮೊದಲ ಕಾಲ. ಡಾಕ್ಟರು ಹೇಳಿಕೊಟ್ಟಂತೆ ಹೆಬ್ಬೆರಳನ್ನು ಗದ್ದದ ಕೆಳಗೆ, ನಾಲಿಗೆಯ ಬೇರಿನ ಮೆತ್ತನೆ ಜಾಗಕ್ಕೆ ಆನಿಸಿಕೊಂಡೆ. ಉಗುಳು ನುಂಗಿದರೆ ಅಲ್ಲಿ ಗಟ್ಟಿಯಾಗುತ್ತದೆ. ಹಾಡುವಾಗ ಆಗಬಾರದು. ಮೊದಲ ದಿನ ಮಧ್ಯಮಕ್ಕೇ ಗಟ್ಟಿಯಾಯಿತು. ತಿಂಗಳ ಮೇಲೆ ಪಂಚಮ ದಾಟಿತು. ಈ ಮಂಗಳವಾರ ಧೈವತದವರೆಗೂ ಬೆರಳಿನಡಿ ಹೂವಿನಂತೆ ಮೆತ್ತಗಿತ್ತು. ನಿಷಾದಕ್ಕೆ ಕಾಲಿಡುತ್ತಲೇ ಬಿಗಿಯಿತು. ನಾನು ಹೇಳುವ ಮೊದಲೇ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು.

"ಇವತ್ತಿಗೆ ಅಲ್ಲಿಗೆ ಸಾಕಮ್ಮ. ಇಳಿ."

ಒಂದೊಂದೇ ಸ್ವರ ಇಳಿದೆ.