ಕೋಳಿಮರಿಯ ಕರುಳಿಗೆ ಒಳ್ಳೆಯ ಅಣುಜೀವಿಗಳು

ಹೊಸೂರು, ಕೃಷ್ಣಗಿರಿ ಕಡೆಯ ಸದಸ್ಯ ಬಾಂಧವರಲ್ಲಿ ಕಬ್ಬಿನ ಜೊತೆಗೆ ಮಾಂಸದ ಕೋಳಿ ಸಾಕುವವರೂ ಉಂಟು. ಅಂಗಡಿಯಲ್ಲಿ ‘ಪ್ರೊಬಯಾಟಿಕ್’ ಎಂಬ ಪೊಟ್ಟಣ ಕೊಳ್ಳುವ ಮೊದಲು ಅದರ ಕೆಲಸವೇನೆಂದು ತಿಳಿಯುವುದು ಒಳ್ಳೆಯದು.

ತಾಯಿಕೋಳಿಯ ಹಿಂದೆ ಕೆದಕುತ್ತ ಬೆಳೆಯುವ ನಾಟಿ ಮರಿಗೆ ಒಳ್ಳೆಯ ಅಣುಜೀವಿಗಳು ತಾಯಿಯಿಂದಲೇ ಬರುತ್ತವೆ. ಯಂತ್ರದಲ್ಲಿ ಹುಟ್ಟಿದ ಮರಿಗೆ ಆ ಭಾಗ್ಯವಿಲ್ಲ. ಬೀಡುಬಿಟ್ಟ ಹೊಲಕ್ಕೆ ಕಳೆ ನುಗ್ಗುವಂತೆ ಅದರ ಕರುಳಿಗೆ ರೋಗಾಣು ಮೊದಲೇ ನುಗ್ಗಬಹುದು. ದೊಡ್ಡ ಕೋಳಿಯ ಕರುಳಿನ ಅಣುಜೀವಿಗಳನ್ನು ಕೊಟ್ಟರೆ ಮರಿಗಳಿಗೆ ಸಾಲ್ಮೊನೆಲ್ಲಾ ಸುಲಭವಾಗಿ ತಗಲದೆಂದು ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬ ವಿಜ್ಞಾನಿಗಳು 1973ರಲ್ಲಿ ತೋರಿಸಿದರು.

ಪೊಟ್ಟಣದಲ್ಲಿರುವುದು ಸಾಮಾನ್ಯವಾಗಿ ಲ್ಯಾಕ್ಟೊಬ್ಯಾಸಿಲಸ್, ಬ್ಯಾಸಿಲಸ್ ಅಥವಾ ಯೀಸ್ಟ್. (ಯೀಸ್ಟನ್ನು ಹೆಚ್ಚಾಗಿ ಬೆಳೆಸುವುದು ಕಾಕಂಬಿಯಲ್ಲೇ!) ಮೊದಲನೆಯದು ಮೊಸರಿನ ಬಳಗದ್ದು, ಹುಳಿ ಹುಟ್ಟಿಸಿ ರೋಗಾಣುವನ್ನು ತಡೆಯುತ್ತದೆ. ಆದರೆ ಗುಳಿಗೆ ಆಹಾರ ತಯಾರಿಸುವ ಶಾಖಕ್ಕೆ ಸಾಯುತ್ತದೆ. ಬ್ಯಾಸಿಲಸ್ ಬೀಜಕದ ರೂಪದಲ್ಲಿದ್ದು ತಾಳಿಕೊಳ್ಳುತ್ತದೆ. ಕ್ಲೋರಿನ್ ಬೆರೆತ ನೀರಿಗೆ ಹಾಕಿದರೆ ಹಣ ನೀರುಪಾಲು. ಆಂಟಿಬಯಾಟಿಕ್ ಜೊತೆ ಕೊಟ್ಟರೂ ಅದೇ ಕಥೆ.

ಬೆಳವಣಿಗೆಗಾಗಿ ಆಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ ನಿಲ್ಲಿಸಿತು. ನಮ್ಮ ಸರಕಾರವೂ 2019ರಲ್ಲಿ ಕೊಲಿಸ್ಟಿನ್ ಔಷಧವನ್ನು ಕೋಳಿಗೆ ನಿಷೇಧಿಸಿತು. ಪೊಟ್ಟಣಗಳ ಬೇಡಿಕೆ ಏರಲು ಇದೂ ಒಂದು ಕಾರಣ.

ತೂಕ ಏರುವುದೇ? ತಕ್ಕಮಟ್ಟಿಗೆ. ಚೊಕ್ಕಟವಾದ ಶೆಡ್ಡಿನಲ್ಲಿ ವ್ಯತ್ಯಾಸ ಕಾಣದೆಯೂ ಹೋಗಬಹುದು. ಕೊಕ್ಕರೆ ರೋಗದ ಲಸಿಕೆಗೆ ಇದು ಬದಲಿಯಲ್ಲ. ಕರಾರಿನ ಮೇಲೆ ಸಾಕುವವರು ಕಂಪನಿಯವರನ್ನು ಕೇಳದೆ ಏನನ್ನೂ ಬೆರೆಸಬಾರದು; ಅವರ ಆಹಾರದಲ್ಲಿ ಈಗಾಗಲೇ ಇರಬಹುದು. ಸ್ವಂತಕ್ಕೆ ಸಾಕುವವರು ಮೊದಲು ಅರ್ಧ ಮರಿಗಳಿಗೆ ಮಾತ್ರ ಕೊಟ್ಟು, ಎರಡೂ ಕಡೆಯ ಆಹಾರ, ತೂಕ, ಸಾವುಗಳನ್ನು ಬರೆದಿಟ್ಟು ನೋಡತಕ್ಕದ್ದು. ಪೊಟ್ಟಣದ ಮೇಲೆ ಅಣುಜೀವಿಯ ಹೆಸರು, ಗಡುವಿನ ದಿನಾಂಕ ಇಲ್ಲದಿದ್ದರೆ ಅಂಗಡಿಯವನಿಗೇ ಹಿಂದಿರುಗಿಸಿರಿ.