ಕನ್ನಡ ಬಲ್ಲ ತಾಯಿ, ಕನ್ನಡ ಬಾರದ ಫೋನು

೨೦೨೦ರ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲು ತೆರೆಯುವ ಲಕ್ಷಣ ಕಾಣದಿದ್ದಾಗ ನಾವು ಮೂವರು ಶಿಕ್ಷಕರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಊರಿನ ಮನೆ ಮನೆಗೆ ಹೋದೆವು. ಹೋದದ್ದು ಒಂದೇ ಮಾತನ್ನು ಹೇಳಲಿಕ್ಕೆ: ಹೇಗಾದರೂ ಮಾಡಿ ಮನೆಗೊಂದು ದೊಡ್ಡ ಫೋನು ಕೊಳ್ಳಿರಿ, ಪಾಠ ಇನ್ನು ಮುಂದೆ ಅದರಲ್ಲಿಯೇ. ಅಕ್ಕಲಕೋಟ ತಾಲೂಕಿನ ಒಣ ಬೇಸಾಯದ ಊರಿನಲ್ಲಿ ಈ ಮಾತು ಎಷ್ಟು ಭಾರದ್ದೆಂಬುದು ನಮಗೆ ತಿಳಿಯದ್ದಲ್ಲ. ಆದರೂ ಹೇಳಿದೆವು. ಒಬ್ಬ ತಾಯಿ ಬಚತ ಗಟದಿಂದ ಸಾಲ ತೆಗೆದು ಫೋನು ಕೊಂಡಳು. ಆಡು ಕೊಳ್ಳಲೆಂದು ಎತ್ತಬೇಕಾಗಿದ್ದ ಸಾಲ ಅದು. ಮಗ ಆಗ ಎರಡನೆಯ ಇಯತ್ತೆಯಲ್ಲಿದ್ದ.

ನಾಲ್ಕು ವರ್ಷಗಳ ಮೇಲೆ, ೨೦೨೪ರ ದೀಪಾವಳಿ ರಜೆ ಮುಗಿದ ಮಾರನೆಯ ದಿನ ಅದೇ ತಾಯಿ ಅದೇ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೆ ಬಂದಳು. “ಗುರುಗಳ, ಖಾತೇದಾಗಿನ ರೊಕ್ಕ ಹೋಗ್ಯಾವ್ರಿ. ಬ್ಯಾಂಕಿನವ್ರು ನೀನ ಕೊಟ್ಟೀದಿ ಅಂತಾರ. ನಾ ಯಾರಿಗೂ ಕೊಟ್ಟಿಲ್ರಿ,” ಎಂದಳು. ಹೋದದ್ದು ೮,೨೭೦ ರೂಪಾಯಿ, ಅದೂ ಹನ್ನೊಂದು ಕಂತುಗಳಲ್ಲಿ. ಕಳೆ ತೆಗೆದ ಕೂಲಿಯ ಹಣ. ಮಗನನ್ನು ಕರೆದು ಕೇಳಿದೆವು. ಅವನು ಮುಚ್ಚಿಡಲಿಲ್ಲ. ಫೋನಿನಲ್ಲಿ ಆಡುವ ಒಂದು ಆಟದೊಳಗೆ ‘ವಜ್ರ’ ಕೊಂಡಿದ್ದ. ವಜ್ರದಿಂದ ಆಟದ ಸೈನಿಕನಿಗೆ ಅಂಗಿ, ಬಂದೂಕಿಗೆ ಬಣ್ಣ ಕೊಂಡಿದ್ದ.

ಇಂಥ ಆಟಗಳನ್ನು ಕಾಣದ ಹಿರಿಯ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಆಟ ಪುಕ್ಕಟೆ. ಫೋನಿಗೆ ಇಳಿಸಿಕೊಳ್ಳಲು ಕಾಸು ಬೇಡ, ಆಡಲೂ ಕಾಸು ಬೇಡ. ಹಣ ಬೇಕಾಗುವುದು ಜೊತೆಯ ಹುಡುಗರ ಮುಂದೆ ಮೆರೆಯಲಿಕ್ಕೆ, ಬೇಗ ಮುಂದೆ ಹೋಗಲಿಕ್ಕೆ. ಸಾಮಾನುಗಳ ಬೆಲೆಯನ್ನು ರೂಪಾಯಿಯಲ್ಲಿ ಬರೆಯದೆ ವಜ್ರ, ನಾಣ್ಯಗಳ ಲೆಕ್ಕದಲ್ಲಿ ಬರೆದಿರುತ್ತಾರೆ. ಆದಕಾರಣ ಎಷ್ಟು ಹಣ ಹೋಯಿತೆಂಬುದು ಹುಡುಗನಿಗೆ ಹೊಳೆಯುವುದಿಲ್ಲ. ‘ಇನ್ನು ಎರಡೇ ತಾಸು’ ಎಂದು ಗಡಿಯಾರವೊಂದು ಹಿಂದಕ್ಕೆ ಓಡುತ್ತಿರುತ್ತದೆ. ಜಾತ್ರೆಯಲ್ಲಿ ಬಳೆಗಾರನು ಹೂಡುವ ಉಪಾಯವೇ ಇದು. ಆದರೆ ಜಾತ್ರೆ ಮೂರು ದಿನದಲ್ಲಿ ಮುಗಿಯುತ್ತದೆ, ಇದು ಮುಗಿಯುವುದಿಲ್ಲ.

ಹುಡುಗನನ್ನು ಬೈದು ಕಳಿಸುವುದು ಸುಲಭವಾಗಿತ್ತು. ಆದರೆ ಪಿನ್ ಸಂಖ್ಯೆ ಅವನಿಗೆ ಹೇಗೆ ಗೊತ್ತಾಯಿತೆಂದು ಕೇಳಿದಾಗ ತಾಯಿಯೇ ಉತ್ತರ ಕೊಟ್ಟಳು: “ಅಂವನ ಹಾಕಿ ಕೊಟ್ಟಾನ್ರಿ. ನನಗ ಅದ್ರಾಗಿಂದು ಓದಾಕ ಬರೂದಿಲ್ಲಲ್ರಿ.” ಈ ಮಾತಿನ ಮೇಲೆ ನಾವು ಬಹಳ ಹೊತ್ತು ಸುಮ್ಮನಿದ್ದೆವು. ಏಕೆಂದರೆ ಆಕೆ ನಿರಕ್ಷರಿಯಲ್ಲ. ಇದೇ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಕನ್ನಡ ಪತ್ರಿಕೆಯನ್ನು ಅಕ್ಷರ ಅಕ್ಷರ ಕೂಡಿಸಿಯಾದರೂ ಓದುವವಳು. ಫೋನು ಮಾತ್ರ ಇಂಗ್ಲಿಷಿನಲ್ಲಿತ್ತು, ಬ್ಯಾಂಕಿನ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು, ಅಂಗಡಿಯವನು ದಯೆ ತೋರಿ ಭಾಷೆ ಬದಲಿಸಿ ಕೊಟ್ಟಾಗ ಅದು ಮರಾಠಿಗೆ ಹೋಯಿತು. ಹೀಗಾಗಿ ಮನೆಯ ಖಜಾನೆಗೆ ಹನ್ನೆರಡು ವರ್ಷದ ಹುಡುಗನೇ ಗುಮಾಸ್ತನಾದ. ಪ್ರತಿ ಸಲ ಹಣ ಹೋದಾಗಲೂ ಸಂದೇಶ ಬಂದಿತ್ತು. “ಏನದು?” ಎಂದು ತಾಯಿ ಕೇಳಿದ್ದಳು. “ಕಂಪನೀದು,” ಎಂದು ಮಗ ಹೇಳಿದ್ದ. ಅದು ಸುಳ್ಳೂ ಅಲ್ಲ.

ನಮ್ಮ ಪರಿಚಯದ ಹಲವಾರು ಕನ್ನಡ ಮನೆಗಳಲ್ಲಿ ಇದೇ ಸ್ಥಿತಿ. ದುಧನಿಯ ಪೇಟೆಗೆ ತೊಗರಿ ಒಯ್ಯುವ ರೈತ, ಅಕ್ಕಲಕೋಟದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿ, ಎಲ್ಲರ ಪಿನ್ನೂ ಮನೆಯ ಶಾಲಾ ಬಾಲಕನ ಬಾಯಲ್ಲಿದೆ.

ಇರಲಿ, ಹೋದ ಹಣದ ಕಥೆ ಹೇಳುತ್ತೇವೆ.

ಮೊದಲು ಬ್ಯಾಂಕಿಗೆ ಹೋದೆವು. ರಿಸರ್ವ್ ಬ್ಯಾಂಕು ೨೦೧೭ರ ಜುಲೈ ೬ರಂದು ಹೊರಡಿಸಿದ ಸುತ್ತೋಲೆಯೊಂದಿದೆ. ಖಾತೆದಾರನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ, ಮೂರನೆಯವರ ಕೈವಾಡದಿಂದ ಹಣ ಹೋಗಿ, ಖಾತೆದಾರನು ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನಿಗೆ ಯಾವ ಹೊಣೆಯೂ ಇಲ್ಲ. ಬ್ಯಾಂಕು ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಖಾತೆಗೆ ಜಮಾ ಮಾಡಬೇಕು. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ. ಗುಪ್ತ ಸಂಖ್ಯೆಯನ್ನು ಖಾತೆದಾರನೇ ಮತ್ತೊಬ್ಬರಿಗೆ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ. ಬ್ಯಾಂಕಿನವರು ಈ ಎರಡನೆಯ ಮಾತನ್ನು ತೋರಿಸಿದರು. ನಿಯಮದ ಪ್ರಕಾರ ಅವರದು ಸರಿ. ಆದರೆ ಅರ್ಥವಾಗದ ಭಾಷೆಯಲ್ಲಿ ಯಂತ್ರ ಕೊಟ್ಟು, ಮಗನ ಹತ್ತಿರ ಓದಿಸಿಕೊಂಡದ್ದನ್ನೇ ಅಲಕ್ಷ್ಯವೆಂದು ಎಣಿಸುವುದು ನ್ಯಾಯವೇ ಎಂದು ಕೇಳಬೇಕೆನಿಸಿತು. ಕೌಂಟರಿನ ಆಚೆ ಕುಳಿತ ಹುಡುಗಿಗೆ ಅದನ್ನು ಕೇಳಿ ಏನು ಫಲವೆಂದು ಕೇಳಲಿಲ್ಲ.

ಅನಂತರ ಆಟದ ಸಾಮಾನು ಮಾರಿದ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದೆವು. ಮರಾಠಿಗೆ ಒಂದು ಒತ್ತಿರಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ನಾವು ಮರಾಠಿಯಲ್ಲಿಯೇ ಮಾತಾಡಿದೆವು. ಮರಾಠಿಯ ಮೇಲೆ ನಮಗೆ ಮುನಿಸಿಲ್ಲ. ಅದು ನಮ್ಮ ಕಚೇರಿಯ ಭಾಷೆ, ನೆರೆಯ ಭಾಷೆ, ನಮ್ಮ ಅರ್ಧ ಗೆಳೆಯರ ಮನೆಮಾತು. ಆದರೆ ಖಾತೆದಾರಳೇ ಮಾತಾಡಬೇಕೆಂದು ಆ ಕಡೆಯ ತರುಣನು ಹಟ ಹಿಡಿದ. ಈಕೆಯದು ಸಂತೆಯ ಮರಾಠಿ. ಬದನೆಕಾಯಿಯ ದರಕ್ಕೆ ಸಾಕು, ದೂರಿಗೆ ಸಾಲದು. ಕನ್ನಡ ಬಲ್ಲವರನ್ನು ಕೊಡಿರೆಂದರೆ, “ಕನ್ನಡ ಕರ್ನಾಟಕದ ಗ್ರಾಹಕರಿಗೆ. ನೀವು ಮಹಾರಾಷ್ಟ್ರದವರಲ್ಲವೇ?” ಎಂಬ ಉತ್ತರ ಬಂತು. ಅವನಿಗೆ ಕನ್ನಡ ಬಲ್ಲ ಸಹೋದ್ಯೋಗಿಗಳಿದ್ದರು. ನಮ್ಮ ಸಂಖ್ಯೆ, ನಮ್ಮ ವಿಳಾಸ ನೋಡಿ ಯಂತ್ರವು ನಮ್ಮ ಭಾಷೆಯನ್ನು ಮೊದಲೇ ತೀರ್ಮಾನಿಸಿಬಿಟ್ಟಿತ್ತು, ಅಷ್ಟೇ.

ಗಡಿಯ ಈ ವಿನೋದ ನಮಗೆ ಹೊಸದಲ್ಲ. ಹಿಂದೆ ಹೊಲದ ಆ ಬದುವಿಗೆ ಹೋದರೆ ಫೋನು ಕರ್ನಾಟಕದ ಗೋಪುರವನ್ನು ಹಿಡಿದು ರೋಮಿಂಗ್ ದರ ಕತ್ತರಿಸುತ್ತಿತ್ತು. ಸ್ವಂತ ಹೊಲದಲ್ಲಿಯೇ ಪರದೇಶಿಗಳಾಗುತ್ತಿದ್ದೆವು. ಆ ಪೀಡೆ ತೊಲಗಿತು. ಭಾಷೆಯ ರೋಮಿಂಗ್ ಇನ್ನೂ ತೊಲಗಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆಯನ್ನು ವಾಚಕರು ಗುರುತು ಹಾಕಿಕೊಳ್ಳಬೇಕೆಂದು ನಮ್ಮ ವಿನಂತಿ. ಕೇಂದ್ರ ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಅದು ಹದಿನೇಳು ಭಾಷೆಗಳಲ್ಲಿ ದೂರು ಕೇಳುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಆ ತಾಯಿ ಫೋನನ್ನು ಕಿವಿಗೆ ಹಚ್ಚಿ, ತನ್ನದೇ ಮಾತಿನಲ್ಲಿ, ನಡುವೆ ಒಮ್ಮೆ ಅತ್ತು, ಎಲ್ಲವನ್ನೂ ಹೇಳಿದಳು. ನಾವು ಪಕ್ಕದಲ್ಲಿ ಕುಳಿತು ತಾರೀಖು ಮಾತ್ರ ನೆನಪಿಸಿದೆವು. ದೂರಿಗೊಂದು ಸಂಖ್ಯೆ ಬಂತು.

ಜೊತೆಗೆ ಕಂಪನಿಯ ದೂರು ಅಧಿಕಾರಿಗೆ ಲಿಖಿತ ಪತ್ರವನ್ನೂ ಕಳಿಸಿದೆವು. ೨೦೨೦ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟಗಾರರು ಇಂಥ ಅಧಿಕಾರಿಯನ್ನು ನೇಮಿಸಬೇಕು. ದೂರು ಮುಟ್ಟಿತೆಂದು ೪೮ ತಾಸುಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಬಗೆಹರಿಸಬೇಕು. ೧೮೭೨ರ ಕರಾರು ಕಾಯ್ದೆಯಂತೆ ಹದಿನೆಂಟು ತುಂಬದವರು ಕರಾರು ಮಾಡಲಾರರು, ಕೊಂಡವನು ಹನ್ನೆರಡು ವರ್ಷದವನು ಎಂದು ಬರೆದೆವು. ಪತ್ರವನ್ನು ಫೋನಿಗೆ ಬಾಯಿಂದಲೇ ಹೇಳಿ ಬರೆಸಿದ್ದು ನಮಗೊಂದು ಹೊಸ ಅನುಭವ. ಗೂಗಲ್ ೨೦೧೭ರಲ್ಲಿಯೇ ಕನ್ನಡಕ್ಕೆ ಈ ಸೌಕರ್ಯ ಕೊಟ್ಟಿದೆ. ನಮ್ಮ ಪುಸ್ತಕದ ಕನ್ನಡವನ್ನು ಅದು ಚೆನ್ನಾಗಿ ಬರೆದುಕೊಂಡಿತು. ಆ ತಾಯಿಯ “ಹೋಗ್ಯಾವ್ರಿ” ಎಂಬುದನ್ನು ಮಾತ್ರ ಏನೇನೋ ಮಾಡಿತು. ನಾವೇ ತಿದ್ದಿದೆವು.

ಐದು ವಾರಗಳ ತರುವಾಯ ನಾಲ್ಕು ಕಂತುಗಳ ಹಣ, ೩,೧೮೦ ರೂಪಾಯಿ, ಮರಳಿ ಬಂತು. ಉಳಿದ ಏಳು ಕಂತುಗಳಿಗೆ ‘ವಸ್ತು ಬಳಕೆಯಾಗಿದೆ’ ಎಂಬ ಉತ್ತರ. ಸೈನಿಕನು ಅಂಗಿ ತೊಟ್ಟುಬಿಟ್ಟಿದ್ದನಲ್ಲ! ಸೋಲಾಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ತೆರೆದೇ ಇದೆ. ೨೦೧೯ರ ಗ್ರಾಹಕ ಸಂರಕ್ಷಣ ಕಾಯ್ದೆಯಂತೆ ಕಂಪನಿ ಎಲ್ಲಿಯೇ ಇರಲಿ, ಗ್ರಾಹಕನು ತಾನು ವಾಸವಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದ ಕಾಲಮಿತಿ ಇದೆ. ಆದರೆ ಐದು ಸಾವಿರಕ್ಕಾಗಿ ಸೋಲಾಪುರಕ್ಕೆ ಎಷ್ಟು ದಿನದ ಕೂಲಿ ಬಿಟ್ಟು ಹೋಗುವುದು? ಆಕೆ ಒಲ್ಲೆನೆಂದಳು. ನಾವು ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತೇನೋ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ.

ಕೇಳಿದರೆ ಸಿಗುತ್ತದೆಂಬುದಕ್ಕೆ ನಮ್ಮದೇ ಒಂದು ಚಿಕ್ಕ ಉದಾಹರಣೆ. ಗೊಬ್ಬರದ ಅಂಗಡಿಯಲ್ಲಿ ಯುಪಿಐ ಮೂಲಕ ೧,೮೫೦ ರೂಪಾಯಿ ಕೊಟ್ಟೆವು. ನಮ್ಮ ಖಾತೆಯಿಂದ ಹೋಯಿತು, ಅಂಗಡಿಗೆ ಮುಟ್ಟಲಿಲ್ಲ. ೨೦೧೯ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಆದೇಶದಂತೆ ಅಂಗಡಿಗೆ ಕೊಟ್ಟ ಇಂಥ ಹಣ ಐದು ದಿನಗಳೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ. ನಮ್ಮ ಹಣ ಎಂಟು ದಿನಕ್ಕೆ ಬಂತು, ಪರಿಹಾರ ಬರಲಿಲ್ಲ. ಕೇಳದೆಯೇ ಕೊಡಬೇಕೆಂದು ಆದೇಶದಲ್ಲಿದೆ. ಕೇಳಿದ ಮೇಲೆ ಮುನ್ನೂರು ರೂಪಾಯಿ ಕೊಟ್ಟರು.

ಈ ಫೋನನ್ನು ಶತ್ರುವೆಂದು ನಾವು ಬರೆಯುತ್ತಿಲ್ಲ. ನಮ್ಮ ಜಿಲ್ಲೆಯವರೇ ಆದ ರಣಜಿತಸಿಂಹ ಡಿಸಲೆ ಗುರುಗಳು ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯಲ್ಲಿ ಪಾಠಪುಸ್ತಕಗಳಿಗೆ ಕ್ಯೂಆರ್ ಚೌಕ ಅಂಟಿಸಿ, ೨೦೨೦ರ ಡಿಸೆಂಬರಿನಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ಗೆದ್ದರು. ಹತ್ತು ಲಕ್ಷ ಡಾಲರಿನಲ್ಲಿ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಮಂದಿಗೆ ಹಂಚಿದರು. ಅಲ್ಲಿನ ಹುಡುಗಿಯರ ಮನೆಮಾತು ಕನ್ನಡವೆಂದು ಅವರು ಕನ್ನಡ ಕಲಿತು ಪಾಠಗಳನ್ನು ಅದಕ್ಕೆ ತಂದರೆಂದು ಪ್ರಶಸ್ತಿ ಕೊಟ್ಟ ಸಂಸ್ಥೆಯೇ ತಿಳಿಸಿದೆ. ಬಾಲಭಾರತಿಯ ಕನ್ನಡ ಪುಸ್ತಕದ ಚೌಕಕ್ಕೆ ಫೋನು ಹಿಡಿದಾಗ ಪಾಠ ಕನ್ನಡದಲ್ಲಿ ತೆರೆದರೆ ಮಕ್ಕಳ ಮುಖದ ಮೇಲೆ ಕಾಣುವ ಬೆಳಕನ್ನು ನಾವು ಕಂಡಿದ್ದೇವೆ. ಒಬ್ಬ ಶಿಕ್ಷಕನು ಮಾಡಿದ್ದನ್ನು ಕೋಟಿಗಟ್ಟಲೆ ಬಂಡವಾಳದ ಕಂಪನಿಗಳು ಮಾಡಲಾರವೇ?

ಕಾನೂನು ನಿಧಾನವಾಗಿ ಈ ಕಡೆಗೆ ಬರುತ್ತಿದೆ. ೨೦೨೫ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯ್ದೆಯು ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆಟಗಳನ್ನು ನಿಷೇಧಿಸುತ್ತದೆ. ನಮ್ಮ ಹುಡುಗನ ಆಟದಲ್ಲಿ ಹಣ ಗೆಲ್ಲುವ ಮಾತೇ ಇರಲಿಲ್ಲ, ಕಳೆಯುವುದಷ್ಟೇ ಇತ್ತು. ನಮಗೆ ಹೆಚ್ಚು ಆಸೆ ಹುಟ್ಟಿಸಿದ್ದು ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣ ಕಾಯ್ದೆ. ನಮ್ಮ ಮಾಹಿತಿಯನ್ನು ಬಳಸಲು ಒಪ್ಪಿಗೆ ಕೇಳುವ ಕಂಪನಿಯು ಆ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಹದಿನೆಂಟರೊಳಗಿನವರಿಗೆ ತಂದೆತಾಯಿಗಳ ಒಪ್ಪಿಗೆ ಬೇಕು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಕಲಮುಗಳ ಜಾರಿಗೆ ಹದಿನೆಂಟು ತಿಂಗಳ ಗಡುವಿದೆ. ಎಂಟನೆಯ ಅನುಸೂಚಿಯಲ್ಲಿ ೨೨ ಭಾಷೆಗಳಿವೆ, ಆದರೆ ಯಾವ ಭಾಷೆ ಯಾವ ಪಿನ್‌ಕೋಡಿಗೆ ಎಂದು ಅದರಲ್ಲಿ ಬರೆದಿಲ್ಲ. ಅಕ್ಕಲಕೋಟದ ಕನ್ನಡವೂ ಅದರೊಳಗಿನ ಕನ್ನಡವೇ.

ಅಲ್ಲಿಯವರೆಗೆ ಕಾಯುವುದೇಕೆಂದು ನಾವು ಶನಿವಾರ ಶಾಲೆ ಬಿಟ್ಟ ಮೇಲೆ ತಾಯಂದಿರನ್ನು ಕೂಡಿಸತೊಡಗಿದ್ದೇವೆ. ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭಾಷೆಯನ್ನು ಕನ್ನಡಕ್ಕೆ ತರುವುದು. ಕನ್ನಡ ಮೊದಲಿನಿಂದಲೂ ಅದರೊಳಗೆ ಇತ್ತು, ತೋರಿಸುವವರಿರಲಿಲ್ಲ. ಆಮೇಲೆ ತಾಯಿಯೇ ಹೊಸ ಪಿನ್ ಹಾಕುವುದು. ಮಕ್ಕಳೆಲ್ಲ ಆ ಹೊತ್ತಿಗೆ ಮೈದಾನದಲ್ಲಿ. ಅಪರಿಚಿತರು ಮೋಸ ಮಾಡಿ ಹಣ ಎಳೆದರೆ ತಡಮಾಡದೆ ೧೯೩೦ಕ್ಕೆ ಫೋನು ಮಾಡಬೇಕೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇವೆ, ಅದರ ಕೆಳಗೆ ೧೯೧೫.

ಹಣ ಕಳೆದುಕೊಂಡ ತಾಯಿ ತಪ್ಪದೆ ಬರುತ್ತಾಳೆ. ಕಳೆದ ಶನಿವಾರ ಫೋನಿನ ಪರದೆಯ ಮೇಲೆ ಎರಡು ಗುಂಡಿಗಳು ಮೂಡಿದಾಗ ಬೆರಳಿಟ್ಟು ಓದಿದಳು: “ಅ-ನು-ಮ-ತಿ-ಸಿ. ನಿ-ರಾ-ಕ-ರಿ-ಸಿ. ಇದೇನ್ರಿ ಗುರುಗಳ?” ಮೊದಲನೆಯದೆಂದರೆ ಹೂಂ ಅನ್ನುವುದು, ಎರಡನೆಯದೆಂದರೆ ಒಲ್ಲೆ ಅನ್ನುವುದು ಎಂದೆವು. ಆಕೆ ನಕ್ಕು, “ಹಂಗಾರ ‘ಒಲ್ಲೆ’ ಅಂತ ಬರದಿದ್ರ ಸಾಕಾಗಿತ್ತಲ್ರಿ,” ಎಂದು ಎರಡನೆಯ ಗುಂಡಿಯನ್ನು ಒತ್ತಿದಳು.