ಬಂಡೆಯ ಬಿರುಕಿನ ನೀರು

ಶಿವಗಂಗೆ ಬೆಟ್ಟದ ಆಚೆ ಸೂರ್ಯ ಇಳಿದು ಬಹಳ ಹೊತ್ತಾಗಿದೆ. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯ ಒಂದು ರಾಗಿ ಹೊಲದಲ್ಲಿ ಬೋರ್‌ವೆಲ್ ಲಾರಿ ಗುಡುಗುತ್ತಿದೆ. ಪಕ್ಕದಲ್ಲೇ ಕಂಪ್ರೆಸರ್ ಹೊತ್ತ ಇನ್ನೊಂದು ಲಾರಿ. ಪಾಯಿಂಟ್ ನೋಡುವವನು ಅಂಗೈ ಮೇಲೆ ನಿಲ್ಲಿಸಿಕೊಂಡು ತಿರುಗಿದ ತೆಂಗಿನಕಾಯಿ ಪೂಜೆಯಲ್ಲಿ ಒಡೆದು, ಅದರ ಹೋಳುಗಳು ಅರಿಸಿನ ಕುಂಕುಮದ ಜೊತೆ ಮಣ್ಣಲ್ಲಿ ಬಿದ್ದಿವೆ. ಮೊದಲು ಮೇಲೆ ಬಂದದ್ದು ಕೆಮ್ಮಣ್ಣು. ಆಮೇಲೆ ಗೊರಚು, ಅಂದರೆ ಶಿಥಿಲಗೊಂಡ ಕಲ್ಲು. ಗಟ್ಟಿ ಬಂಡೆ ಸಿಕ್ಕ ಕಡೆ ಕೇಸಿಂಗ್ ಪೈಪು ನಿಂತಿತು. ಅಲ್ಲಿಂದಾಚೆಗೆ ಬರೀ ಬೂದುಬಣ್ಣದ ಕಲ್ಲಿನ ಹಿಟ್ಟು. ಒಂದೊಂದು ರಾಡಿಗೆ 20 ಅಡಿಯಂತೆ 40 ರಾಡು ಇಳಿದಿವೆ. ಲಾರಿಯ ಬೆಳಕಿನಲ್ಲಿ ಆ ಹಿಟ್ಟು ಮೋಡದಂತೆ ಎದ್ದು, ಸುತ್ತ ಕುಳಿತವರ ತಲೆ, ಹುಬ್ಬು, ಹೆಗಲ ಮೇಲಿನ ಟವಲು ಎಲ್ಲವನ್ನೂ ಒಂದೇ ಬಣ್ಣ ಮಾಡಿದೆ.

ರಿಗ್ ನಡೆಸುವ ಹುಡುಗ ತಮಿಳುನಾಡಿನ ತಿರುಚೆಂಗೋಡಿನವನು. ದಕ್ಷಿಣದ ಬಹಳಷ್ಟು ಬೋರ್‌ವೆಲ್ ಲಾರಿಗಳಿಗೆ ಅದೇ ತವರು. ಅವನು ಬೋರು ಉಗುಳುವ ಹಿಟ್ಟಿಗೆ ಕೈಯೊಡ್ಡಿ ಉಜ್ಜಿ ನೋಡುತ್ತಾನೆ. ತೇವ ಇದೆಯೇ, ಹರಳು ದಪ್ಪವಾಯಿತೇ, ಬಣ್ಣ ಕೆಂಪಿಗೆ ತಿರುಗಿತೇ? ಯಾವುದೂ ಇಲ್ಲ.

“ಇನ್ನೂ ಎರಡು ರಾಡು ಬಿಡ್ಲಾ ಗೌಡ್ರೇ?”

“ಬಿಡಪ್ಪ. ಇಷ್ಟು ದೂರ ಬಂದು ನಿಲ್ಸೋದಾ?”

ಇಷ್ಟು ದೂರ ಎಂದರೆ ಕೆಳಕ್ಕೆ 800 ಅಡಿ. ಗೌಡರ ಅಪ್ಪ ತೆಗೆಸಿದ ತೆರೆದ ಬಾವಿ ಇದೇ ಹೊಲದ ಮೂಲೆಯಲ್ಲಿದೆ. ಅದರ ಕಲ್ಲುಕಟ್ಟಡದ ಸಂದಿನಲ್ಲಿ ಈಗ ಆಲದ ಸಸಿ ಬೆಳೆದಿದೆ.

ಈ ಬಂಡೆಯೊಳಗೆ ನೀರು ಎಲ್ಲಿರುತ್ತದೆ ಎಂದು ತಿಳಿಯಬೇಕಾದವರು ಶಿವಗಂಗೆ ಬೆಟ್ಟವನ್ನು ಹತ್ತಬೇಕು. ಅಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯ ಕತ್ತಲ ಗೂಡಿನೊಳಗೆ ಒಂದು ಕುಳಿ. ಭಕ್ತರು ತೋಳು ಇಳಿಬಿಟ್ಟು ತಡಕುತ್ತಾರೆ. ನೀರು ಕೈಗೆ ಸಿಕ್ಕರೆ ಪುಣ್ಯವಂತರು ಎಂಬುದು ನಂಬಿಕೆ. ರಾಮನಗರ, ಮಾಗಡಿ, ತುಮಕೂರಿನ ಉದ್ದಕ್ಕೂ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲಿಗೆ ಸೇರಿದ ಬೆಟ್ಟ ಇದು. ಈ ಕಲ್ಲಿಗೆ ನೀರು ಹೀರುವ ಗುಣವೇ ಇಲ್ಲ. ಮೇಲಿನ ಗೊರಚಿನ ಪದರದಲ್ಲಿ ಮಳೆನೀರು ನಿಲ್ಲುತ್ತದೆ. ಅದರ ಕೆಳಗೆ ನೀರಿಗೆ ಇರುವ ಜಾಗ ಬಿರುಕುಗಳು ಮಾತ್ರ. ಬೋರು ಕೊರೆಯುವವರ ಬಾಯಲ್ಲಿ ಅದು ‘ಗ್ಯಾಪು’. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಗ್ಯಾಪುಗಳು ಬಿಗಿದು ವಿರಳವಾಗುತ್ತವೆ. ಸಾವಿರ ಅಡಿಯಲ್ಲಿ ಕೈಗೆ ಸಿಗುವುದು ಬಹಳ ಕಾಲ ಕಲ್ಲಿನೊಂದಿಗೆ ಇದ್ದ ನೀರು. ಅದರ ಜೊತೆಗೆ ಫ್ಲೋರೈಡೂ ಬರುವುದುಂಟು. ಹಳ್ಳಿಹಳ್ಳಿಯಲ್ಲಿ ಶುದ್ಧ ನೀರಿನ ಘಟಕದ ಮುಂದೆ ನಾಣ್ಯ ಹಿಡಿದು, ಕ್ಯಾನು ಇಟ್ಟುಕೊಂಡು ಜನ ಸಾಲು ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಕಲ್ಲಿದ್ದಲು ಇಲ್ಲ. ಇರಲು ಸಾಧ್ಯವೂ ಇಲ್ಲ. ಗಿಡಮರಗಳು ಭೂಮಿಗೆ ಬರುವ ಎಷ್ಟೋ ಮೊದಲೇ ಹುಟ್ಟಿದ ಕಲ್ಲು ಇದು. ಆದರೂ ಸೋಂಪುರದ ನೀರಿಗೂ ಕಲ್ಲಿದ್ದಲಿಗೂ ನಂಟಿದೆ. ಪಂಪ್‌ಸೆಟ್ಟಿಗೆ ಬರುವ ಕರೆಂಟಿನಲ್ಲಿ ರಾಯಚೂರಿನ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಪಾಲೂ ಬೆರೆತಿರುತ್ತದೆ. 1985ರಿಂದ ಉರಿಯುತ್ತಿರುವ ಆ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತದೆ. ಗೋದಾವರಿ ಕಣಿವೆಯ ಆ ಸೀಮೆಯಲ್ಲಿ 1889ರಿಂದಲೇ ಗಣಿಗಾರಿಕೆ ನಡೆದಿದೆ. ಅಲ್ಲಿಯ ಮರಳುಗಲ್ಲು ನಮ್ಮ ಬಂಡೆಯಂತಲ್ಲ, ಮೈತುಂಬ ನೀರು ಹಿಡಿದುಕೊಳ್ಳುತ್ತದೆ. ಸುರಂಗದಲ್ಲಿ ಇದ್ದಿಲು ತೆಗೆದು, ಆಧಾರಕ್ಕೆ ಬಿಟ್ಟ ಕಂಬಗಳನ್ನೂ ಕೊನೆಗೆ ಕೊರೆದುಕೊಂಡಾಗ ಸೂರು ಕಳಚುತ್ತದೆ. ಅದರ ಮೇಲಿನ ಪದರಗಳು ಸೀಳುತ್ತವೆ, ಇನ್ನೂ ಮೇಲಿನವು ಬಾಗುತ್ತವೆ. ನೆಲ ತಗ್ಗಾಗುತ್ತದೆ. ಸೀಳು ನೀರಿನ ಪದರವನ್ನು ಮುಟ್ಟಿತೆಂದರೆ ಮೇಲಿನ ಊರಿನ ಬಾವಿಯ ನೀರು ಗಣಿಗೆ ಇಳಿಯುತ್ತದೆ. ಗಣಿ ಒಣಗಿರಲೆಂದು ಅದನ್ನು ಹಗಲೂ ರಾತ್ರಿ ಹೊರಗೆ ಎತ್ತಿ ಹಾಕಬೇಕಾಗುತ್ತದೆ. ಕುಸಿತ ತಪ್ಪಿಸಲು ಖಾಲಿ ಜಾಗಕ್ಕೆ ನದಿಯ ಮರಳು ತುಂಬಿಸುವ ಪದ್ಧತಿಯೂ ಉಂಟು. ಅಂದರೆ ಅಲ್ಲಿ ನೀರು ಇಳಿಸಿ ತೆಗೆದ ಇದ್ದಿಲಿನ ಬಲದಿಂದಲೇ ಇಲ್ಲಿ ಇನ್ನಷ್ಟು ನೀರು ಮೇಲಕ್ಕೆ ಬರುತ್ತಿದೆ.

ಗಣಿಸೀಮೆಯಲ್ಲಿ ಗೋಡೆ ಬಿರುಕು ಬಿಡುತ್ತದೆ, ಹೊಲ ತಗ್ಗಾಗಿ ಮಳೆನೀರು ನಿಲ್ಲುತ್ತದೆ. ಕಂಡ ಜನ ದನಿ ಎತ್ತುತ್ತಾರೆ. ಸೋಂಪುರದ ಕಷ್ಟ ಇರುವುದು ಇಲ್ಲೇ. ಗ್ರಾನೈಟಿನ ಬಿರುಕಿನಿಂದ ಎಷ್ಟೇ ನೀರು ಎಳೆದರೂ ನೆಲ ಒಂದು ಅಂಗುಲ ಕುಸಿಯುವುದಿಲ್ಲ. ಒಂದು ಗ್ಯಾಪು ಹತ್ತು ಹೊಲಗಳ ಕೆಳಗೆ ಹಾದುಹೋಗಿರುತ್ತದೆ. ಒಬ್ಬರು ಆಳಕ್ಕೆ ಹೋದರೆ ಪಕ್ಕದವರ ಮೋಟಾರು ಗಾಳಿ ಎಳೆಯತೊಡಗುತ್ತದೆ. ಅವರೂ ಸಾಲ ಮಾಡಿ ಲಾರಿ ಕರೆಸುತ್ತಾರೆ. ನೆಲಮಂಗಲ ತಾಲ್ಲೂಕು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿದೆ. ಆದರೂ ದಾರಿಹೋಕರ ಕಣ್ಣಿಗೆ ಹೊಲ ಹಿಂದಿನಂತೆಯೇ ಸಮವಾಗಿ, ಹಸಿರಾಗಿ ಕಾಣುತ್ತದೆ.

ಕಣ್ಣಿಗೆ ಕಾಣುವುದೆಂದರೆ ಕಲ್ಲು ಕ್ವಾರಿಗಳು. ಡಾಬಸ್‌ಪೇಟೆಯ ಸುತ್ತ ಬೆಂಗಳೂರಿನ ಕಟ್ಟಡಗಳಿಗೆ ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳು ಓಡುತ್ತವೆ. ಸಿಡಿತದಿಂದ ಬೋರು ಬತ್ತಿತು ಎಂದು ಜನ ದೂರುವುದುಂಟು. ಆದರೆ ಮದ್ದಿನ ಹೊಡೆತ ಬಂಡೆಯೊಳಗೆ ಬಹುದೂರದವರೆಗೆ ಬಿರುಕು ಮೂಡಿಸುವುದಿಲ್ಲ. ಅದಕ್ಕಿಂತ ಹೆಚ್ಚಿನ ಕೆಡುಕು ಕ್ವಾರಿಯ ಗುಂಡಿಯಿಂದಲೇ ಎಂದು ನನಗನ್ನಿಸುತ್ತದೆ. ಅಂತರ್ಜಲದ ಮಟ್ಟಕ್ಕಿಂತ ಕೆಳಗಿಳಿದ ಕ್ವಾರಿ ಸುತ್ತಲಿನ ಗೊರಚಿನ ನೀರನ್ನೆಲ್ಲ ತನ್ನೊಳಗೆ ಬಸಿದುಕೊಳ್ಳುತ್ತದೆ. ಕೆಲಸ ನಡೆಯಲೆಂದು ಆ ನೀರನ್ನು ಪಂಪಿನಿಂದ ಹೊರಗೆ ಬಿಡುತ್ತಾರೆ. ಮೊದಲು ಬತ್ತುವುದು ಆಳದ ಬೋರಲ್ಲ, ತೆರೆದ ಬಾವಿ ಮತ್ತು ಹಳ್ಳ.

ಆ ಹಳ್ಳಗಳೇ ಕೂಡಿ ಕುಮುದ್ವತಿ. ಶಿವಗಂಗೆಯಲ್ಲಿ ಹುಟ್ಟಿ ಅರ್ಕಾವತಿಯನ್ನು ಸೇರಿ, 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಮೂಲಕ ಬೆಂಗಳೂರಿಗೆ ನೀರುಣಿಸಿದ ಹೊಳೆ ಇದು. 2003ರಲ್ಲಿ ಸರ್ಕಾರ ಈ ಜಲಾನಯನವನ್ನು ಕಾಪಾಡಲು ಅಧಿಸೂಚನೆ ಹೊರಡಿಸಿತು. ಆದರೆ ಗೊರಚಿನ ಪದರ ಒಣಗಿದ ಮೇಲೆ ಹೊಳೆಗೆ ಬೇಸಿಗೆಯ ಒಸರು ಬರುವುದಾದರೂ ಎಲ್ಲಿಂದ?

2022ರ ಮಳೆಗೆ ಜಿಲ್ಲೆಯ ಹಲವು ಕೆರೆಗಳು ಕೋಡಿ ಬಿದ್ದವು. 2023ರಲ್ಲಿ ಬರ ಬಂತು, ರಿಗ್ ಲಾರಿಗಳು ಮತ್ತೆ ಹಳ್ಳಿ ಹೊಕ್ಕವು. ನೀರನ್ನು ಕೂಡಿಡಬಲ್ಲ ಜಾಗವೆಂದರೆ ಮೇಲಿನ ನೂರಡಿಯೊಳಗಿನ ಆ ಗೊರಚು. ಅದನ್ನು ತುಂಬಿಸುವ ದಾರಿ ಕೆರೆ, ಗೋಕಟ್ಟೆ, ಹೊಲದ ಬದು. ಷೆಡ್ಡುಗಳ ಕಾಂಪೌಂಡು, ಬಡಾವಣೆಯ ರಸ್ತೆ, ಹೆದ್ದಾರಿಯ ಏರಿ ಎಷ್ಟೋ ಕಡೆ ಕೆರೆಗೆ ನೀರು ತರುವ ಕಾಲುವೆಗೆ ಅಡ್ಡ ನಿಂತಿವೆ. ಸರ್ವೆ ನಕ್ಷೆ ಹಿಡಿದು ಆ ಕಾಲುವೆಗಳನ್ನು ಬಿಡಿಸುವ ಕೆಲಸ ಮುಂದಿನ ಮುಂಗಾರಿಗೆ ಮೊದಲು ಆಗಬೇಕು. ಆಮೇಲೆ ಹೂಳು, ಆಮೇಲೆ ಇಂಗುಗುಂಡಿ.